ಟೈಮೆಷ್ಟಾಯ್ತು ಸಿಸ್ಟರಮ್ಮಾ?

ಬೆಳಿಗ್ಗೆ ಒಂಬತ್ತರ ಸುಮಾರಿಗೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ನಿಂತು ನೋಡಿದ್ದೀರಾ? ಅಲ್ಲಿ ಎಲ್ಲರೂ ಯಾರನ್ನೋ ಕರೆಯುತ್ತಿರುತ್ತಾರೆ. "ಕೋಲಾರ ಕೋಲಾರ ಕೋಲಾರ್" ಅಂತ ಒಬ್ಬ ಕಂಡಕ್ಟರ್, "ಮಾರತ್ತಹಳ್ಳಿ, ಸಿಲ್ಕ್ ಬೋರ್ಡ್" ಅಂತ ಇನ್ನೊಬ್ಬ. ಆಟೋದವರು, ಕಡಲೆಕಾಯಿಯವರು, ಕಳೆದುಹೋದ ನೆಂಟರನ್ನು ಫೋನಿನಲ್ಲಿ ಹುಡುಕುವವರು ("ಎಲ್ಲಿದ್ಯಾ? ನಾನೂ ಅಲ್ಲೇ ಇದೀನಲ್ಲ!"). 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ - ಕೆ.ಆರ್.ಪುರ ನಡುವಿನ ತುಂಡು ಸೇರಿಕೊಂಡು ನೇರಳೆ ಮೆಟ್ರೋ ಪೂರ್ತಿಯಾದಾಗ ಇನ್ನು ಇಲ್ಲಿ ಜನ ಕಮ್ಮಿಯಾಗ್ತಾರೆ ಅಂದುಕೊಂಡಿದ್ದೆ. ಎಲ್ಲಿ! ಮೆಟ್ರೋ ಮೇಲೆ ಹೋಯಿತು, ನಾವು ಕೆಳಗೇ ಉಳಿದೆವು.

ನಾನು ಹೊಸಕೋಟೆಯವಳು. ರಿಂಗ್ ರೋಡಿನ ಕಡೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನೈಟ್ ಡ್ಯೂಟಿ ಮುಗಿಸಿ 500ಡಿ ಬಸ್ಸಿನಿಂದ ಟಿನ್ ಫ್ಯಾಕ್ಟರಿಯಲ್ಲಿ ಇಳಿದು, ರಸ್ತೆ ದಾಟುವ ಸಾಹಸ ಮಾಡಿ, ಹೊಸಕೋಟೆ ಬಸ್ಸು ಹತ್ತುವುದು ನನ್ನ ನಿತ್ಯದ ಕಾಯಕ. ಆ ಹೊತ್ತಿಗೆ ಕಿವಿ ಮುಚ್ಚಿಹೋಗಿರುತ್ತದೆ. ಹನ್ನೆರಡು ಗಂಟೆ "ಸಿಸ್ಟರ್, ಸಿಸ್ಟರ್" ಕೇಳಿಸಿಕೊಂಡ ಕಿವಿ ಅದು.

ಕೆಲವು ದಿನಗಳ ಹಿಂದೆ ಅಲ್ಲೇ ಹಿಂದಿನಿಂದ ಯಾರೋ ಕರೆದರು. "ಸಿಸ್ಟರಮ್ಮಾ!" ನಾನು ಯೂನಿಫಾರ್ಮಿನಲ್ಲಿ ಇರಲಿಲ್ಲ. ಕೇಳಿಸದವಳ ಹಾಗೆ ನಡೆದೆ. ಎರಡನೇ ಸಲವೂ ಅಷ್ಟೇ. ಮೂರನೇ ಸಲ ತಿರುಗಿದೆ. ನಮ್ಮಜ್ಜಿ ಹೇಳುತ್ತಿದ್ದರು, ಹೊತ್ತಲ್ಲದ ಹೊತ್ತಿನಲ್ಲಿ ಯಾರಾದರೂ ಕರೆದರೆ ಒಂದೇ ಸಲಕ್ಕೆ ಓಗೊಡಬಾರದು, ಮೂರು ಸಲ ಕರೆದರೆ ಮಾತ್ರ ಅದು ಮನುಷ್ಯರು ಅಂತ. ಬಾಗಿಲ ಮೇಲೆ "ನಾಳೆ ಬಾ" ಬರೆದ ಕಾಲ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಅಜ್ಜಿಯ ಈ ಪಾಠ ನನಗೆ ನೈಟ್ ಡ್ಯೂಟಿಯಲ್ಲಿ ಎಷ್ಟು ಚೆನ್ನಾಗಿ ರೂಢಿಯಾಗಿದೆ ಅನ್ನುವುದೇ ಇವತ್ತಿನ ಬರಹ.

ಕರೆದವರು ಒಬ್ಬ ತಾತ. ವಾಕರ್ ಹಿಡಿದು ನಿಂತಿದ್ದರು. ಅವರ ಕಥೆಗೆ ಮುಂಚೆ ನಿಮಗೆ ಸ್ವಲ್ಪ ಥಿಯರಿ ಕೊರೆಯುತ್ತೇನೆ. ದಯವಿಟ್ಟು ಓಡಿಹೋಗಬೇಡಿ, ನಾನು ಪರೀಕ್ಷೆ ಇಡುವುದಿಲ್ಲ :-)

ಬಿಎಸ್ಸಿ ನರ್ಸಿಂಗಿನಲ್ಲಿ ನಮಗೆ "ನರ್ಸಿಂಗ್ ಥಿಯರಿಗಳು" ಅಂತ ಇರುತ್ತವೆ. ನೈಟಿಂಗೇಲ್ ಅವರದು ಪರಿಸರ - ಗಾಳಿ, ಬೆಳಕು, ಸ್ವಚ್ಛತೆ. ವರ್ಜೀನಿಯಾ ಹೆಂಡರ್ಸನ್ ಅವರದು ರೋಗಿಯ ಹದಿನಾಲ್ಕು ಅಗತ್ಯಗಳು. ಒರೆಮ್, ರಾಯ್, ವಾಟ್ಸನ್ ಹೀಗೆ ಸಾಲು. ಅದರಲ್ಲೇ ಒಂದು ಮಾನವತಾ ಶುಶ್ರೂಷೆಯ ಸಿದ್ಧಾಂತ. ಜೋಸೆಫೀನ್ ಪ್ಯಾಟರ್ಸನ್ ಮತ್ತು ಲೊರೆಟ್ಟಾ ಜ್ಡೆರಾಡ್ ಅಂತ ಇಬ್ಬರು ಅಮೆರಿಕದ ನರ್ಸ್‌ಗಳು 1976ರಲ್ಲಿ "ಹ್ಯೂಮನಿಸ್ಟಿಕ್ ನರ್ಸಿಂಗ್" ಅನ್ನುವ ಪುಸ್ತಕದಲ್ಲಿ ಬರೆದದ್ದು. ಎರಡನೆಯವರ ಹೆಸರನ್ನು ತಪ್ಪಿಲ್ಲದೆ ಬರೆದರೆ ಅರ್ಧ ಮಾರ್ಕ್ಸು ಬಂದ ಹಾಗೆ ಅಂತ ನಮ್ಮ ತಮಾಷೆ. ಒಬ್ಬರು ಸಮುದಾಯ ಆರೋಗ್ಯದಿಂದ ಬಂದವರು, ಇನ್ನೊಬ್ಬರು ಮನೋರೋಗಿಗಳ ಶುಶ್ರೂಷೆಯಿಂದ. ನ್ಯೂಯಾರ್ಕ್ ಹತ್ತಿರದ ನಾರ್ತ್‌ಪೋರ್ಟಿನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಇದನ್ನು ಬೆಳೆಸಿದರು.

ಅವರು ಹೇಳಿದ್ದು ಕಷ್ಟದ ಮಾತೇನಲ್ಲ. ಶುಶ್ರೂಷೆ ಅಂದರೆ ಒಬ್ಬರು ಕರೆಯುವುದು, ಇನ್ನೊಬ್ಬರು ಓಗೊಡುವುದು. ಇಂಜೆಕ್ಷನ್ನು, ಡ್ರೆಸ್ಸಿಂಗು ಎಲ್ಲ ಅದರೊಳಗೇ ಬರುತ್ತವೆ, ಅದಕ್ಕೆ ಹೊರತಲ್ಲ. ನರ್ಸ್ ಒಬ್ಬಳು, ರೋಗಿ ಒಬ್ಬರು, ಇವರಿಬ್ಬರ "ನಡುವೆ" ಏನೋ ನಡೆಯುತ್ತದೆಯಲ್ಲ, ಶುಶ್ರೂಷೆ ಇರುವುದು ಅಲ್ಲಿ. ಇಂಗ್ಲಿಷಿನಲ್ಲಿ ಓದಿದಾಗ ತಲೆಗೆ ಹೋಗಿರಲಿಲ್ಲ. "ಓಗೊಡು" ಅನ್ನುವ ಪದ ಹೊಳೆದ ಮೇಲೆ ಹೋಯಿತು. ಹಿತ್ತಲಿನಿಂದ ಅಮ್ಮ ಕರೆದಾಗ ನಾವು "ಓ" ಅನ್ನುತ್ತಿದ್ದೆವಲ್ಲ, ಅದು. ಏನು ಬೇಕು ಅಂತ ಗೊತ್ತಾಗುವ ಮುಂಚೆಯೇ "ಓ" ಅಂದಿರುತ್ತೇವೆ. ಇದ್ದೀನಿ, ಕೇಳಿಸ್ತು ಅಂತ.

ಇವರಿಗೆ ಹಿಂದಿನ ಪ್ರೇರಣೆ ಮಾರ್ಟಿನ್ ಬೂಬರ್. 1923ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಪುಸ್ತಕದಲ್ಲಿ ಬೂಬರ್ ಎರಡು ಬಗೆಯ ಸಂಬಂಧ ಹೇಳುತ್ತಾರೆ, "ನಾನು - ನೀನು" ಒಂದು, "ನಾನು - ಅದು" ಇನ್ನೊಂದು. ಇದಕ್ಕೆ ಉದಾಹರಣೆ ಬೇಕಾದರೆ ಕನ್ನಡ ಬಲ್ಲವರು ಯಾವುದಾದರೂ ವಾರ್ಡಿನಲ್ಲಿ ಡ್ಯೂಟಿ ಬದಲಾಗುವ ಹೊತ್ತಿಗೆ ಹೋಗಿ ಕಿವಿಗೊಟ್ಟರೆ ಸಾಕು. "ಹದಿನಾಲ್ಕು ಊಟ ಮಾಡ್ತಾ?" "ಒಂಬತ್ತು ಡಿಸ್ಚಾರ್ಜ್ ಆಯ್ತಾ?" "ಆ ಹಿಪ್ ಫ್ರಾಕ್ಚರ್ ರಾತ್ರಿಯೆಲ್ಲ ಕೂಗ್ತಾನೇ ಇತ್ತು." ಅದು! ಎಪ್ಪತ್ತು ದಾಟಿದ ಹಿರಿಯರಿಗೆ ಅವರ ಮನೆಯಲ್ಲಿ ಯಾರೂ ಏಕವಚನವನ್ನೂ ಬಳಸಿರುವುದಿಲ್ಲ, ನಾವು ನಪುಂಸಕ ಲಿಂಗಕ್ಕೇ ಇಳಿಸಿಬಿಡುತ್ತೇವೆ. ಕೆಟ್ಟ ಮನಸ್ಸಿನಿಂದಲ್ಲ. ಬೆಡ್ಡಿನ ನಂಬರಿಗೆ ಕ್ರಿಯಾಪದ ಹಾಗೇ ಬರುತ್ತದೆ. ನಂಬರು ಬಿಟ್ಟು ಹೆಸರು ಹೇಳಿ ನೋಡಿ, ತಂತಾನೇ "ಮಾಡಿದ್ರಾ" ಅಂತ ಬಾಯಿಗೆ ಬರುತ್ತದೆ.

ಈಗ ತಾತ. (ಊರು, ಕಾಯಿಲೆಯ ವಿವರ ಸ್ವಲ್ಪ ಬದಲಿಸಿದ್ದೇನೆ, ರೋಗಿಯ ಗುಟ್ಟು ಕಾಯುವುದು ನಮ್ಮ ಧರ್ಮ.) ಮುಳಬಾಗಿಲು ಕಡೆಯ ರೈತರು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ನಾನು ಸತತ ಮೂರು ರಾತ್ರಿ ಆ ವಾರ್ಡಿನಲ್ಲಿದ್ದೆ. ಅವರು ಅರ್ಧ ಗಂಟೆಗೊಮ್ಮೆ ಬೆಲ್ ಒತ್ತುತ್ತಿದ್ದರು. ಹೋದರೆ ಒಂದೇ ಪ್ರಶ್ನೆ.

"ಟೈಮೆಷ್ಟಾಯ್ತು ಸಿಸ್ಟರಮ್ಮಾ?"

"ಹನ್ನೊಂದೂವರೆ ತಾತ. ಮಲಕ್ಕೊಳಿ."

ಮತ್ತೆ ಹನ್ನೆರಡಕ್ಕೆ. ಮತ್ತೆ ಹನ್ನೆರಡೂವರೆಗೆ. ನೋವಾ? ಇಲ್ಲ. ನೀರು ಬೇಕಾ? ಬೇಡ. ಮೂತ್ರ? ಟ್ಯೂಬ್ ಇದೆ. ಬರೀ ಟೈಮು. ವಯಸ್ಸಾದವರಿಗೆ ಆಪರೇಷನ್ ಆದ ಮೇಲೆ ಕೆಲವೊಮ್ಮೆ ಮನಸ್ಸು ಗೊಂದಲವಾಗುತ್ತದೆ, ರಾತ್ರಿ ಹಗಲು ಗೊತ್ತಾಗುವುದಿಲ್ಲ. ಹಾಗೇ ಇರಬೇಕು ಅಂದುಕೊಂಡೆ. ಫೈಲಿನಲ್ಲೂ ಹಾಗೇ ಬರೆದೆ. ಬರೆದ ಮೇಲೆ ಅದು ನಿಜವಾಗಿಬಿಟ್ಟಿತು.

ಮೂರನೇ ರಾತ್ರಿ ವಾರ್ಡಿನಲ್ಲಿ ಹದಿನಾಲ್ಕು ಜನಕ್ಕೆ ನಾನೊಬ್ಬಳೇ. ಜೊತೆಯವಳನ್ನು ಐಸಿಯುಗೆ ಎಳೆದುಕೊಂಡಿದ್ದರು. ಒಬ್ಬರಿಗೆ ರಕ್ತ ಹೋಗುತ್ತಿತ್ತು, ಒಬ್ಬರಿಗೆ ಸಕ್ಕರೆ ಇಳಿದಿತ್ತು. ಎರಡು ಗಂಟೆ ಹೊತ್ತಿಗೆ ತಾತನ ಬೆಲ್ ಮತ್ತೆ ಬಡಿದುಕೊಂಡಿತು. ಹೋದೆ, ಟೈಮು ಹೇಳಿದೆ, ಬೆಲ್ಲಿನ ವೈರನ್ನು ಎತ್ತಿ ಡ್ರಿಪ್ ಸ್ಟ್ಯಾಂಡಿನ ಮೇಲಿನ ಕೊಕ್ಕೆಗೆ ಸಿಕ್ಕಿಸಿದೆ. ಅವರ ಕೈಗೆ ಎಟುಕದ ಹಾಗೆ.

ನಾಲ್ಕೂವರೆಗೆ ಏನೋ ಬಿದ್ದ ಸದ್ದು. ಓಡಿದೆ. ತಾತ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ಕಾಲಿಳಿಸಲು ಹೋಗಿ ಜಾರಿದ್ದಾರೆ. ನನ್ನ ಎದೆ ಬಡಿತ ನನಗೇ ಕೇಳಿಸುತ್ತಿತ್ತು. ಡಾಕ್ಟರ್ ಬಂದರು, ಎಕ್ಸ್‌ರೇ ಆಯಿತು. ಪುಣ್ಯ, ಹಾಕಿದ ರಾಡು, ಮೂಳೆ ಎಲ್ಲ ಇದ್ದ ಹಾಗೇ ಇತ್ತು, ಮೊಣಕೈ ಮಾತ್ರ ಊದಿತ್ತು.

ಬಿದ್ದ ಘಟನೆಗೆ ಒಂದು ಫಾರಂ ತುಂಬಬೇಕು. ಅದರಲ್ಲಿ ಒಂದು ಪ್ರಶ್ನೆ, "ಕಾಲ್ ಬೆಲ್ ರೋಗಿಯ ಕೈಗೆ ಎಟುಕುವಂತೆ ಇತ್ತೇ?" ನಾನು ಮೊದಲು ಹೋಗಿ ಬೆಲ್ಲನ್ನು ಕೊಕ್ಕೆಯಿಂದ ಇಳಿಸಿ ದಿಂಬಿನ ಪಕ್ಕ ಇಟ್ಟೆ. ಆಮೇಲೆ ಬಂದು "ಹೌದು" ಅಂತ ಟಿಕ್ ಮಾಡಿದೆ. ಕಾರಣದ ಜಾಗದಲ್ಲಿ "ಸೂಚನೆ ಪಾಲಿಸದೆ ರೋಗಿ ಸ್ವತಃ ಎದ್ದರು" ಅಂತ ಬರೆದೆ. ಅಕ್ಷರ ತುಂಬಾ ದುಂಡಗೆ ಬಂತು.

ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಟಿನ್ ಫ್ಯಾಕ್ಟರಿಯಲ್ಲಿ ಕರೆದದ್ದು ಅದೇ ತಾತ. ಚೆಕಪ್ಪಿಗೆ ಬಂದವರು, ಮುಳಬಾಗಿಲಿನಿಂದ ಬಂದ ಬಸ್ಸಿಳಿದು ರಿಂಗ್ ರೋಡ್ ಬಸ್ಸಿಗೆ ಕಾಯುತ್ತಿದ್ದರು. ಜೊತೆಗೆ ಒಬ್ಬ ಅಜ್ಜಿ. ನಾನು ಅವರನ್ನು ಅವತ್ತೇ ಮೊದಲು ನೋಡಿದ್ದು.

"ಇವ್ಳೇ ಕಣಮ್ಮ ನಮ್ಮನೆಯವ್ಳು. ಇವ್ಳು ಬರೋದು ಹತ್ತಕ್ಕೆ, ನೀನು ಹೋಗೋದು ಎಂಟೂವರೆಗೆ. ನೀನು ಬರೋ ಹೊತ್ತಿಗೆ ಇವ್ಳು ಹೊರಟೋಗಿರ್ತಿದ್ಲು" ಅಂದರು ತಾತ.

ಅಜ್ಜಿ ನಕ್ಕರು. "ಇವ್ರು ನಿನ್ನ ಟೈಮ್ ಕೇಳಿ ಕೇಳಿ ಗೋಳು ಹುಯ್ಕೊಂಡ್ರಂತಲ್ಲಮ್ಮ. ಏನ್ಮಾಡೋದು, ನಾಕು ಸೀಮೆ ಹಸು ಐತೆ. ಮಗ ನರಸಾಪುರದಾಗೆ ಕಂಪನಿ ಕೆಲಸ, ರಾತ್ರಿ ಪಾಳಿ. ನಾನು ಸಂಜೆ ಬಸ್ಸಿಗೆ ಹೋಗಿ, ಬೆಳಿಗ್ಗೆ ಹಾಲು ಕರ್ದು ಡೈರಿಗೆ ಹಾಕಿ ಮತ್ತೆ ಬಸ್ಸು ಹಿಡೀಬೇಕಿತ್ತು. ಇವ್ರು ಮಲಗಿದ್ದಲ್ಲೇ ಲೆಕ್ಕ ಹಾಕೋರು. ಈಗ ಎದ್ದಿರ್ತಾಳೆ, ಈಗ ಕರೀತಿರ್ತಾಳೆ, ಈಗ ಡೈರಿ, ಈಗ ಟಿನ್ ಪ್ಯಾಕ್ಟ್ರಿ ಅಂತ."

ತಾತ ಎಡಗೈ ತೋರಿಸಿದರು. ಹಳೇ ಕೈಗಡಿಯಾರ. ಆಪರೇಷನ್ನಿಗೆ ಮುಂಚೆ ಒಡವೆ, ವಾಚು, ಕಟ್ಟಿಸಿದ ಹಲ್ಲು ಎಲ್ಲ ಬಿಚ್ಚಿಸಿ ಮನೆಯವರ ಕೈಗೆ ಕೊಡುವುದು ನಮ್ಮದೇ ಪದ್ಧತಿ. ಅದಕ್ಕೊಂದು ಚೆಕ್ ಲಿಸ್ಟ್ ಇದೆ. ವಾಪಸ್ ಕಟ್ಟುವುದಕ್ಕೆ ಚೆಕ್ ಲಿಸ್ಟ್ ಇಲ್ಲ. ವಾಚು ಅಜ್ಜಿಯ ಚೀಲದಲ್ಲಿ ದಿನಾ ಮುಳಬಾಗಿಲಿಗೆ ಹೋಗಿ ಬರುತ್ತಿತ್ತು, ಮನೆಗಿದ್ದ ಒಂದು ಫೋನೂ ಅಜ್ಜಿಯ ಹತ್ತಿರ. ನಮ್ಮ ವಾರ್ಡಿನ ಗಡಿಯಾರ ಇರುವುದು ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ. ಆ ಮೂಲೆ ಬೆಡ್ಡಿಗೆ ಕಿಟಕಿಯೂ ಇಲ್ಲ. ನಾಲ್ಕೂವರೆಗೆ ತಾತ ಎದ್ದದ್ದು ಎರಡು ಹೆಜ್ಜೆ ಬಂದು ಆ ಗಡಿಯಾರ ನೋಡಲಿಕ್ಕೆ.

ಗೊಂದಲ ಅಂತೆ ಗೊಂದಲ! ಆ ವಾರ್ಡಿನಲ್ಲಿ ಆ ರಾತ್ರಿ ಸಮಯದ ಬಗ್ಗೆ ಅತ್ಯಂತ ಸ್ಪಷ್ಟವಾಗಿ ಯೋಚಿಸುತ್ತಿದ್ದವರು ಅವರೊಬ್ಬರೇ.

ಬೆಲ್ಲಿನ ವಿಷಯ ಹೇಳಬೇಕು ಅಂತ ಬಾಯಿ ತೆರೆದೆ. 500ಡಿ ಬಂತು. ತಾತನನ್ನು ಹತ್ತಿಸುವುದರಲ್ಲಿ ನಾನೂ ಒಂದು ಕೈ ಕೊಟ್ಟೆ, ಕಂಡಕ್ಟರ್ "ಬೇಗ ಬೇಗ" ಅಂದ, ಬಸ್ಸು ಹೋಯಿತು. ಹೇಳಲಿಲ್ಲ.

ಆಮೇಲೆ ನಮ್ಮ ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೇಳಿದೆ, ಬೆಲ್ಲು, ಟಿಕ್ಕು ಎರಡೂ. ಬೈತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟಿಕ್ ಮಾಡಿದ್ದು ತಪ್ಪು. ಬೆಲ್ ಮೇಲೆ ಹಾಕಿದ್ದು... ನಾನೂ ಹಾಕಿದ್ದೀನಿ" ಅಂದರು.

ಇಲ್ಲಿಂದ ನನ್ನ ವಾದ ಶುರು.

ಜೊತೆಯವರ ಹತ್ತಿರ ಈ ಥಿಯರಿ ಮಾತೆತ್ತಿದರೆ ಒಂದೇ ಉತ್ತರ. "ಅದೆಲ್ಲ ಅಮೆರಿಕಕ್ಕೆ ಕಣೇ. ಇಲ್ಲಿ ಹದಿನಾಲ್ಕು ಜನರ ಹತ್ತಿರ ನಡುವೆ ಗಿಡುವೆ ಅಂತ ಕೂತರೆ ಔಷಧಿ ಯಾರು ಕೊಡ್ತಾರೆ?" ಇದರಲ್ಲಿ ಸತ್ಯ ಇದೆ, ದೊಡ್ಡ ಸತ್ಯವೇ ಇದೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ಲಿನ ಮಾನದಂಡ ಸಾಮಾನ್ಯ ಆಸ್ಪತ್ರೆಗೆ ಐದು ರೋಗಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಗೆ ಮೂರಕ್ಕೆ ಒಬ್ಬರು ಅನ್ನುತ್ತದೆ, ರಜೆಯ ಲೆಕ್ಕಕ್ಕೆ ಶೇಕಡ 30 ಮೇಲೆ. ಅದನ್ನು ನಾನು ಪಠ್ಯದಲ್ಲಿ ಓದಿದ್ದೇನೆ, ಕಣ್ಣಲ್ಲಿ ನೋಡಿಲ್ಲ. ಲಿಂಡಾ ಏಕನ್ ಮತ್ತವರ ಸಂಗಡಿಗರು 2002ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ತೆಗೆದರು. ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ, ನರ್ಸಿನ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಾದ ಹಾಗೆ ಮೂವತ್ತು ದಿನದೊಳಗೆ ಸಾವಿನ ಸಂಭವ ಶೇಕಡ 7ರಷ್ಟು ಹೆಚ್ಚಾಗಿ ಕಂಡಿತು. ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಕಾನೂನೇ ಇದೆ, ಒಬ್ಬ ನರ್ಸಿಗೆ ಇಷ್ಟಕ್ಕಿಂತ ಹೆಚ್ಚು ರೋಗಿ ಕೊಡುವ ಹಾಗಿಲ್ಲ. ನಮ್ಮಲ್ಲಿ 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆ ಮೇಲೆ ರಚಿಸಿದ ಸಮಿತಿ ಸಣ್ಣ ಖಾಸಗಿ ಆಸ್ಪತ್ರೆಯ ನರ್ಸಿಗೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಿ ಅಂತ ಶಿಫಾರಸು ಮಾಡಿತು. ಶಿಫಾರಸು ಅಂದರೆ ನಿಮಗೆ ಗೊತ್ತಲ್ಲ.

ಮೇ 12ರಂದು, ನೈಟಿಂಗೇಲ್ ಹುಟ್ಟಿದ ದಿನ, ನಮಗೆಲ್ಲ ಒಂದೊಂದು ಗುಲಾಬಿ ಕೊಟ್ಟು "ನೀವು ಬಿಳಿ ಬಟ್ಟೆಯ ದೇವತೆಗಳು" ಅನ್ನುತ್ತಾರೆ. ದೇವತೆಗೆ ಓವರ್‌ಟೈಮ್ ಕೊಡಬೇಕಿಲ್ಲವಲ್ಲ! "ಸೇವೆ" ಅನ್ನುವ ಪದ ಕೇಳಿದರೇ ನನಗೆ ಮೈ ಉರಿಯುತ್ತದೆ. ಪ್ಯಾಟರ್ಸನ್ - ಜ್ಡೆರಾಡ್ ಎಲ್ಲೂ ನರ್ಸ್ ತನ್ನನ್ನು ಸುಟ್ಟುಕೊಳ್ಳಲಿ ಅನ್ನುವುದಿಲ್ಲ. ಓಗೊಡುವವಳೂ ಒಬ್ಬ ಮನುಷ್ಯಳು, ಈ ಮಾತುಕತೆಯಲ್ಲಿ ಅವಳೂ ಬೆಳೆಯಬೇಕು ಅನ್ನುತ್ತಾರೆ. ಆಸ್ಪತ್ರೆಯವರು ಕರುಣೆಯನ್ನು ಜಾಹೀರಾತಿನಲ್ಲಿ ಹಾಕಿ ಡ್ಯೂಟಿ ಪಟ್ಟಿಯಲ್ಲಿ ಹಾಕದಿದ್ದರೆ, ಕರುಣೆ ತೋರಿಸುವ ನರ್ಸ್ ಅದಕ್ಕೆ ಬೇಕಾದ ಹೊತ್ತನ್ನು ತನ್ನ ಊಟದಿಂದಲೋ ಇನ್ನೊಬ್ಬ ರೋಗಿಯಿಂದಲೋ ಕದಿಯಬೇಕಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮನಸ್ಸು ಒಪ್ಪುವುದಿಲ್ಲ. ಯಾಕೆಂದರೆ ಲೆಕ್ಕ ಹಾಕಿದೆ. ಹನ್ನೆರಡು ಗಂಟೆ ಅಂದರೆ 720 ನಿಮಿಷ, ಹದಿನಾಲ್ಕು ಜನಕ್ಕೆ ಹಂಚಿದರೆ ತಲೆಗೆ 51 ನಿಮಿಷ. ಅದರಲ್ಲಿ ಬಿಪಿ, ಟೆಂಪರೇಚರ್, ಇಂಜೆಕ್ಷನ್, ಫೈಲು ಬರೆಯುವುದು, ಔಷಧಿ ಇಂಡೆಂಟು ಎಲ್ಲ ಕಳೆಯಿರಿ. ಏನೂ ಉಳಿಯುವುದಿಲ್ಲ, ಸರಿ. ಆದರೆ ಬೆಲ್ಲನ್ನು ಕೊಕ್ಕೆಗೆ ಸಿಕ್ಕಿಸಲು ನನಗೆ ಅರ್ಧ ನಿಮಿಷ ಸಿಕ್ಕಿತ್ತಲ್ಲ? "ಯಾಕೆ ತಾತ ಟೈಮ್ ಕೇಳ್ತೀರಿ?" ಅನ್ನಲು ಅಷ್ಟೂ ಬೇಡ. ಮೂರು ರಾತ್ರಿಯಲ್ಲಿ ಹೆಚ್ಚುಕಮ್ಮಿ ಮೂವತ್ತು ಸಲ ಹೋಗಿದ್ದೇನೆ. ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಒಂದು ಗಡಿಯಾರ ತಂದಿಡುತ್ತಿದ್ದೆ, ಉಳಿದ ಇಪ್ಪತ್ತೊಂಬತ್ತು ಸಲದ ಓಡಾಟ ಉಳಿಯುತ್ತಿತ್ತು.

ಅಂದರೆ ಜನ ಕಮ್ಮಿ ಇದ್ದದ್ದು ನಿಜ, ಅದರ ಹಿಂದೆ ನಾನು ಅಡಗಿಕೊಂಡದ್ದೂ ನಿಜ. ಸುಸ್ತಾದ ಮನಸ್ಸಿಗೆ ಪ್ರಶ್ನೆ ಕೇಳುವುದೆಂದರೆ ಭಯ, ಉತ್ತರ ಬಂದರೆ ಇನ್ನೊಂದು ಕೆಲಸ ಹುಟ್ಟುತ್ತದಲ್ಲ ಅಂತ. ಟೈಮ್ ಹೇಳಿ ಬೆಲ್ ಆರಿಸಿದರೆ ಆಯಿತು. ಈ ಇಬ್ಬರು ಹೇಳಿದ ಐದು ಹಂತಗಳಲ್ಲಿ ಮೊದಲನೆಯದು, ರೋಗಿಯನ್ನು ಅರಿಯುವ ಮುಂಚೆ ನರ್ಸ್ ತನ್ನನ್ನು ಅದಕ್ಕೆ ಸಿದ್ಧಪಡಿಸಿಕೊಳ್ಳುವುದು, ತನ್ನ ಪೂರ್ವಗ್ರಹ ಏನು ಅಂತ ನೋಡಿಕೊಳ್ಳುವುದು. ಎರಡನೆಯದು ರೋಗಿಯನ್ನು ಒಳಗಿನಿಂದ, ನೇರವಾಗಿ ಅರಿಯುವುದು. ವೈಜ್ಞಾನಿಕವಾಗಿ ವಿಂಗಡಿಸಿ ಅರಿಯುವುದು ಮೂರನೆಯದು. ನಾನು ಮೊದಲೆರಡನ್ನು ಹಾರಿ ನೇರ ಮೂರಕ್ಕೆ ಬಿದ್ದು "ಗೊಂದಲ" ಅಂತ ಬರೆದೆ. ಪರೀಕ್ಷೆಯಲ್ಲಿ ಈ ಐದನ್ನೂ ಮೊದಲಕ್ಷರ ಜೋಡಿಸಿ ಬಾಯಿಪಾಠ ಮಾಡಿದ್ದೆ ಸ್ವಾಮೀ, ಒಳ್ಳೇ ಮಾರ್ಕ್ಸು ಬಂದಿತ್ತು.

ನಮಗೆ ಕಲಿಸುವ ರೀತಿಯೇ ಹಾಗೆ. ಕೇರ್ ಪ್ಲಾನ್ ಬರೆಯುವಾಗ ತೊಂದರೆ "ಆತಂಕ" ಅಂತಿದ್ದರೆ ಪರಿಹಾರ "ರೋಗಿಗೆ ಧೈರ್ಯ ಹೇಳುವುದು", ಫಲಿತಾಂಶ "ಆತಂಕ ಕಡಿಮೆಯಾಯಿತು". ಸೀನಿಯರ್ ಫೈಲಿನಿಂದ ಜೂನಿಯರ್ ಫೈಲಿಗೆ ಈ ಮೂರು ಸಾಲು ತಲೆಮಾರುಗಳಿಂದ ಇಳಿದು ಬಂದಿದೆ. ಯಾರ ಆತಂಕ, ಯಾವುದರ ಆತಂಕ, ಯಾರೂ ಕೇಳಿಲ್ಲ.

ಇನ್ನೊಂದು ಕಡೆ ಖಾಸಗಿ ಆಸ್ಪತ್ರೆಗಳಲ್ಲಿ ನಗುಮುಖದ ಟ್ರೈನಿಂಗ್ ಶುರುವಾಗಿದೆ. ಗಂಟೆಗೊಮ್ಮೆ ಹೋಗಿ, ಹೆಸರು ಹೇಳಿ, "ನಿಮಗೆ ಇನ್ನೇನಾದರೂ ಬೇಕಾ?" ಅಂತ ಕೇಳಿ, ಹಾಳೆಯಲ್ಲಿ ಸಹಿ ಮಾಡಬೇಕು. ನಾನು ಇದನ್ನು ಗೇಲಿ ಮಾಡುತ್ತಿದ್ದೆ. ಈಗ ಅಷ್ಟು ಮಾಡುವುದಿಲ್ಲ. 2006ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಹೀಗೆ ಗಂಟೆಗೊಮ್ಮೆ ತಾವಾಗಿ ಹೋದ ವಾರ್ಡುಗಳಲ್ಲಿ ಬೆಲ್ ಒತ್ತುವುದೂ ಕಮ್ಮಿಯಾಯಿತು, ರೋಗಿಗಳು ಬೀಳುವುದೂ ಕಮ್ಮಿಯಾಯಿತು. ಹೋಗುವುದರಲ್ಲಿ ಗುಣ ಇದೆ. ನನ್ನ ತಕರಾರು ಆ ವಾಕ್ಯದ ಬಗ್ಗೆ. "ಇನ್ನೇನಾದರೂ ಬೇಕಾ?" ಅಂದರೆ ತಾತ ಏನು ಹೇಳಿಯಾರು? "ಏನೂ ಬೇಡಮ್ಮ, ಟೈಮೆಷ್ಟು?" ಅಷ್ಟೇ.

ಭಾಷೆಯದು ಬೇರೆ ಕಷ್ಟ. ನಮ್ಮಲ್ಲಿ ಕೇರಳದ ಹುಡುಗಿಯರು ಬಹಳ, ಈಚೆಗೆ ಈಶಾನ್ಯದ ಕಡೆಯವರೂ ಇದ್ದಾರೆ. ಮಲಯಾಳಿಗಳಿಗೆ "ನೋವು" ಕಲಿಸಬೇಕಾಗಿಲ್ಲ, ಅವರಲ್ಲೂ ಅದು ನೋವೇ. ಆದರೆ ಉರಿ, ಸೆಳೆತ, ಸಂಕಟ, ತಳಮಳ, ಜುಮು ಜುಮು, ಹಿಂಡಿದ ಹಾಗೆ ಇವೆಲ್ಲ? ಎಲ್ಲಕ್ಕಿಂತ ಮೇಲೆ ನಮ್ಮ "ಒಂಥರಾ". "ಒಂಥರಾ ಆಗ್ತಿದೆ ಸಿಸ್ಟರ್" ಅಂದರೆ ಏನು ಬರೆಯುವುದು? ಫೈಲಿನಲ್ಲಿ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಬೇಕು. ಒಬ್ಬ ಅಮ್ಮನಿಗೆ "ಹತ್ತಕ್ಕೆ ಎಷ್ಟಮ್ಮ?" ಅಂದರೆ "ನೀವೇ ನೋಡಿ ಹಾಕ್ಕೊಳ್ಳಿ ತಾಯಿ, ನಾನೇನು ಓದಿದವಳಾ" ಅಂದರು. ಒಂಥರಾ ಅನ್ನುವುದು ಗ್ಯಾಸ್ ಆಗಿರಬಹುದು, ಮನೆ ನೆನಪಾಗಿರಬಹುದು, ಹೃದಯಾಘಾತದ ಶುರುವೂ ಆಗಿರಬಹುದು. ಇನ್ನೊಂದು ಪ್ರಶ್ನೆ ಕೇಳದೆ ಗೊತ್ತಾಗುವುದಿಲ್ಲ. ನಮ್ಮ ಇಡುಕ್ಕಿಯ ಜೂನಿಯರ್ ಒಬ್ಬಳು ಈಗ "ಒಂಥರಾ" ಅಂತಲೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಡಾಕ್ಟರಿಗೆ ಫೋನ್ ಮಾಡುತ್ತಾಳೆ. ಡಾಕ್ಟರಿಗೂ ಅರ್ಥವಾಗುತ್ತದೆ!

ಇದೆಲ್ಲ ಹೊರದೇಶದ ಸರಕು ಅನ್ನುವವರಿಗೆ ಒಂದು ಮಾತು. ಶಿವಾಜಿನಗರದಲ್ಲಿ ಗೋಶಾ ಆಸ್ಪತ್ರೆ ಇದೆ, ಹಾಜಿ ಸರ್ ಇಸ್ಮಾಯಿಲ್ ಸೇಠ್ ಹೆಸರಿನದು. ಗೋಶಾ ಅಂದರೆ ಪರದೆ. ಪರದೆಯೊಳಗಿನ ಹೆಂಗಸರು ಗಂಡಸರಿರುವ ಆಸ್ಪತ್ರೆಗೆ ಬರುವುದಿಲ್ಲ ಅಂದಾಗ, ಬರದಿದ್ದರೆ ಅವರ ಕರ್ಮ ಅನ್ನದೆ ಅವರಿಗೆಂದೇ ಆಸ್ಪತ್ರೆ ಕಟ್ಟಿದರು. ಅದು ಪ್ಯಾಟರ್ಸನ್ ಪುಸ್ತಕಕ್ಕಿಂತ ಎಷ್ಟೋ ಹಿಂದಿನದು. ಇನ್ನು ನಾನು ಹತ್ತುವ ಬಸ್ಸಿನ ದಾರಿಯಲ್ಲೇ ಮಾರತ್ತಹಳ್ಳಿಗೆ ಹೋಗಿ ಇಳಿದರೆ ಅಲ್ಲಿ ಕರುಣಾಶ್ರಯ. 1994ರಲ್ಲಿ ಶುರುವಾದ ಸಂಸ್ಥೆ, ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಗುಣಪಡಿಸುವ ಮಾತು ಮುಗಿದ ಮೇಲೆ ಉಳಿಯುವುದು ಏನು? ನೋವು ಇಳಿಸುವುದು, ಹುಣ್ಣು ತೊಳೆಯುವುದು, ಕರೆದರೆ ಹೋಗುವುದು, ಮನೆಯವರನ್ನು ಕೂರಿಸಿ ಮಾತಾಡಿಸುವುದು. ಪೂರಾ ನಮ್ಮ ಕೆಲಸ! ಡಾಕ್ಟರು ಕೈಚೆಲ್ಲಿದ ಮೇಲೂ ಮಾಡಲು ಇಷ್ಟೊಂದು ಇದೆ ಅಂದರೆ, ಕೈಚೆಲ್ಲುವ ಮುಂಚೆಯೂ ಅದು ಇದ್ದೇ ಇತ್ತು ತಾನೇ? ನಾವು ಅದನ್ನು "ಟೈಮಿದ್ದರೆ ನೋಡೋಣ" ಅನ್ನುವ ಲೆಕ್ಕಕ್ಕೆ ಹಾಕಿದ್ದೇವೆ, ಅಷ್ಟೆ.

ಮನೆಯವರ ವಿಷಯವೂ ಹಾಗೇ. ನಮ್ಮ ದೇಶದಲ್ಲಿ ಅರ್ಧ ಶುಶ್ರೂಷೆ ಮಾಡುವವರು ಅವರು. ಊಟ ತಿನ್ನಿಸುವುದು, ಮಗ್ಗುಲು ಬದಲಿಸುವುದು, ಬೆಡ್‌ಪ್ಯಾನ್ ಇಡುವುದು. ಆದರೂ ನಮಗೆ ಅವರು "ಅಟೆಂಡರ್", ಪಾಸ್ ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಆ ಅಜ್ಜಿ ಒಂದು ದಿನ ಅರ್ಧ ಗಂಟೆ ನನಗೆ ಸಿಕ್ಕಿದ್ದರೆ ತಾತನ ಬಗ್ಗೆ ಕೇಸ್ ಶೀಟಿಗಿಂತ ಹೆಚ್ಚು ಹೇಳಿರುತ್ತಿದ್ದರು.

ಹಾಗಾದರೆ ಏನು ಮಾಡೋಣ ಅಂತೀರಾ? ಜನ ಹೆಚ್ಚು ಕೊಡಿ ಅನ್ನುವುದನ್ನು ಕೇಳುತ್ತಲೇ ಇರಬೇಕು, ಅದಕ್ಕೆ ಪರ್ಯಾಯ ಇಲ್ಲ. ಅದು ಬರುವವರೆಗೆ ನಾನು ಒಂದು ಸಣ್ಣ ಕೆಲಸ ಶುರು ಮಾಡಿದ್ದೇನೆ. ಡ್ಯೂಟಿ ಒಪ್ಪಿಸುವ ಪುಸ್ತಕದಲ್ಲಿ ಬಿಪಿ, ಡ್ರಿಪ್ಪು, ಔಷಧಿ ಆದ ಮೇಲೆ ಒಂದು ಸಾಲು ಹೆಚ್ಚಿಗೆ. ಈ ರೋಗಿ ಯಾಕೆ ಕರೆಯುತ್ತಾರೆ? ಗೊತ್ತಿಲ್ಲದಿದ್ದರೆ "ಕೇಳಿಲ್ಲ" ಅಂತಲೇ ಬರೆಯಬೇಕು. ನಂಬರಿನ ಪಕ್ಕ ಹೆಸರು. ಇನ್‌ಚಾರ್ಜ್ ಸಿಸ್ಟರ್ "ಮಾಡಿ ನೋಡು" ಅಂದರು, ಬೇರೆ ಏನೂ ಹೇಳಲಿಲ್ಲ. ಆದರೆ ಮಾರನೇ ವಾರ ಮೂಲೆ ಬೆಡ್ಡುಗಳ ಎದುರು ಗೋಡೆಗೆ ಒಂದು ಗಡಿಯಾರ ಬಂದಿತ್ತು. ಆ ಫಾರಂ ಬಗ್ಗೆ ಕ್ವಾಲಿಟಿಯವರಿಗೆ ತಿದ್ದುಪಡಿ ಪತ್ರ ಬರೆದು ಕೊಟ್ಟೆ. ಮೆಮೊ ಬಂತು. ಬರಬೇಕಾದ್ದೇ.

ಕೆಲವರು ಆ ಸಾಲು ಬರೆಯುತ್ತಾರೆ, ಕೆಲವರು ಗೆರೆ ಎಳೆದು ಬಿಡುತ್ತಾರೆ. ಬಿಜಿ ಇದ್ದ ದಿನ ನಾನೂ ಗೆರೆ ಎಳೆದಿದ್ದೇನೆ, ಸುಳ್ಳು ಯಾಕೆ ಹೇಳಲಿ. ಮೊನ್ನೆ ಸಂಜೆ ಡ್ಯೂಟಿಯವಳು ಒಂಬತ್ತನೇ ಬೆಡ್ಡಿನ ಅಮ್ಮನ ಹೆಸರಿನ ಮುಂದೆ ಬರೆದಿದ್ದಳು: "ಕರ್ಟನ್ ಹಾಕಿ ಅಂತ ಹತ್ತು ಸಲ ಕರೆದರು. ಹಾಕಿದರೆ ತೆಗೀರಿ ಅಂತಾರೆ. ಕೇಳಿಲ್ಲ."

ನಾನು ರಾತ್ರಿ ಒಂಬತ್ತಕ್ಕೆ ಹೋಗಿ ಕೇಳಿದೆ. ಅಮ್ಮ ಆಚೆ ಈಚೆ ನೋಡಿ ಮೆಲ್ಲಗೆ ಹೇಳಿದರು. ಎದುರು ಬೆಡ್ಡಿನವರು ಊರ ಕಡೆಯ ಬೀಗರಂತೆ, ಮಾತು ಬಿಟ್ಟು ನಾಲ್ಕು ವರ್ಷವಾಯಿತಂತೆ. ಅವರು ಈ ಕಡೆ ನೋಡಿದಾಗ ಕರ್ಟನ್ ಹಾಕಬೇಕು, ಅವರು ಮಲಗಿದ ಮೇಲೆ ತೆಗೆಯಬೇಕು, ಹೇಗಿದ್ದಾರೆ ಅಂತ ನೋಡಬೇಕಲ್ಲ ಅಂದರು.